ಜೀವಮ್ಮನ ದಾಳ್ ಮತ್ತು ನನ್ನ ಹಾಜರಿ ಪುಸ್ತಕ

ನನ್ನ ಹತ್ತಿರ ಒಂದು ಹಾಜರಿ ಪುಸ್ತಕವಿದೆ. ಅದು ನನ್ನದಲ್ಲ, ಸರ್ಕಾರದ್ದು. ತಿರುಮಕೂಡಲು ನರಸೀಪುರದ ಶಾಲೆಯಿಂದ ನಾನು ಅದನ್ನು ತಂದು ನಲವತ್ತು ವರ್ಷದ ಮೇಲಾಯಿತು. ಹಿಂದಿರುಗಿಸಬೇಕು ಎಂದು ಆಗಾಗ ಅಂದುಕೊಳ್ಳುತ್ತೇನೆ. ಆದರೆ ಯಾವ ಮುಖ ಹೊತ್ತು ಹಿಂದಿರುಗಿಸಲಿ? ಹುಡುಗರ ಹೆಸರಿರಬೇಕಾದ ಸಾಲುಗಳಲ್ಲಿ ತೊಗರಿಬೇಳೆ, ಬೆಲ್ಲ, ಹುಣಸೆಹಣ್ಣು, ಹಸಿಶುಂಠಿ, ಲವಂಗ ಎಂದು ಬರೆದಿದೆ. ಪ್ರತಿ ಹೆಸರಿನ ಮುಂದೆ ಹಾಜರು ಅಥವಾ ಗೈರುಹಾಜರು ಎಂದು ಗುರುತು ಹಾಕಿದೆ. ಮೂರನೆಯ ಪುಟದಲ್ಲಿ ಅರಿಶಿನದ ಹೆಬ್ಬೆಟ್ಟು ಒತ್ತಿದೆ.

ಮೊನ್ನೆ ಗೂಡು ಒರೆಸುವಾಗ ಪುಸ್ತಕ ಕೈಗೆ ಬಂತು. ಮೂಗಿನ ಹತ್ತಿರ ಹಿಡಿದೆ. ಇಂಗಿನ ವಾಸನೆ ಇನ್ನೂ ಇದೆ ಎಂದು ನನಗೆ ಅನ್ನಿಸಿತು. ನಮ್ಮ ಮನೆಯಾಕೆ ಮೂಸಿ ನೋಡಿ, "ಗೆದ್ದಲ ವಾಸ್ನೆ ಅದು" ಅಂದಳು. ಎರಡನ್ನೂ ಬರೆದಿದ್ದೇನೆ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು ನನಗೆ ಆ ಕಾಲದಲ್ಲೇ ಹತ್ತಿದ ಚಟ.

ಅದು ಹೇಗೆ ಹತ್ತಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಗೆ ಪ್ಲೇಗು ಬಂದ ಎರಡನೆಯ ವರ್ಷ ನಾನು ನರಸೀಪುರದಲ್ಲಿ ಹೊಸ ಮೇಷ್ಟ್ರು. ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ಮಲಗಿದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನ ಅಣ್ಣ ಬಂದು ತಲೆಯ ಹತ್ತಿರ ಕುಳಿತ. ಎತ್ತಿಗೆ ನೀರು ತೋರಿಸಿದಿರಾ ಎಂದು ಯಾರನ್ನೋ ಕೇಳಿದ. ಅವನ ದನಿ ಸ್ಪಷ್ಟವಾಗಿತ್ತು. ಆಮೇಲೆ ತಿಳಿಯಿತು, ಅಣ್ಣ ಅದಕ್ಕೆ ನಾಲ್ಕು ದಿನ ಮುಂಚೆಯೇ ನಂಜನಗೂಡಿನಲ್ಲಿ ಅದೇ ಬೇನೆಯಿಂದ ತೀರಿಕೊಂಡಿದ್ದ. ನಾನು ಬದುಕಿದೆ. ಆದರೆ ನನ್ನ ಕಿವಿಯ ಮೇಲೆ ನನಗೆ ನಂಬಿಕೆ ಹೋಯಿತು. ಅಂದಿನಿಂದ ಏನನ್ನಾದರೂ ಹೇಳಬೇಕಾದರೆ ಎರಡು ಸಲ ನೋಡಿ ಹೇಳುತ್ತೇನೆ. ಮಾತು ನಿಧಾನವಾಯಿತು. ಕೈ ನಡುಗಲು ಶುರುವಾಯಿತು.

ಗಾಡಿಯಲ್ಲಿ ಮಲಗಿಸಿಕೊಂಡು ನನ್ನನ್ನು ನಂಜನಗೂಡಿಗೆ ತಂದರು. ಇಳಿಸುವಾಗ ನೋಡಿದರೆ ಕಂಕುಳಲ್ಲಿ ಶಾಲೆಯ ಹೊಸ ಹಾಜರಿ ಪುಸ್ತಕ. ಅದನ್ನು ಯಾವಾಗ ಎತ್ತಿಕೊಂಡೆ, ಏಕೆ ಎತ್ತಿಕೊಂಡೆ, ಗೊತ್ತಿಲ್ಲ. ಹಾಸಿಗೆ, ಚೊಂಬು, ಕೊಡೆ ಎಲ್ಲ ನರಸೀಪುರದಲ್ಲೇ ಉಳಿದವು.

ಮನೆಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ನನ್ನ ಅತ್ತಿಗೆ ಗೌರಮ್ಮ. ಅತ್ತಿಗೆಗೆ ಆಗ ಇಪ್ಪತ್ತೆಂಟು ಇರಬಹುದು. ಹೊಲದ ಕೆಲಸ ನೋಡುತ್ತಿದ್ದರು, ದನ ನೋಡುತ್ತಿದ್ದರು, ನನ್ನನ್ನೂ ನೋಡುತ್ತಿದ್ದರು. ಅಳುತ್ತಿರಲಿಲ್ಲ. ಆದರೆ ಅಣ್ಣ ಹೋದ ಮೇಲೆ ನಮ್ಮ ಮನೆಯಲ್ಲಿ ಒಗ್ಗರಣೆ ನಿಂತುಹೋಗಿತ್ತು. ಸಾರು ಕುದಿಸಿ ಇಳಿಸುವರು, ಅಷ್ಟೇ. ಸಾಸಿವೆ ಸಿಡಿಯುವ ಸದ್ದಿಗೆ ಅಣ್ಣ ಪಡಸಾಲೆಯಿಂದ ಎದ್ದು ಬಂದು ಮಣೆ ಹಾಕಿಕೊಳ್ಳುತ್ತಿದ್ದ. ಆ ಸದ್ದು ಅತ್ತಿಗೆಗೆ ಬೇಡವಾಗಿತ್ತು ಎಂದು ನಾನು ತಿಳಿದಿದ್ದೇನೆ. ಅವರು ಹಾಗೆಂದು ಹೇಳಿದ್ದಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಹಿತ್ತಿಲಿಗೆ ಅಂಟಿದ ಹಾಗೆ ಶೇಟ್ರ ಮನೆ. ಗುಜರಾತಿನ ಕಾಠಿಯಾವಾಡದ ಕಡೆಯಿಂದ ಬಂದು ರೈಲು ಸ್ಟೇಷನ್ನಿನ ದಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅವರ ಹೆಂಡತಿಯ ಹೆಸರು ಜೀವಿ. ಊರಿನವರ ಬಾಯಲ್ಲಿ ಜೀವಮ್ಮ. ತಾಯಿಯನ್ನು ಆರನೆಯ ವಯಸ್ಸಿನಲ್ಲಿ ಕಳೆದುಕೊಂಡು, ಒಂಬತ್ತಕ್ಕೆ ಮದುವೆಯಾಗಿ, ಹತ್ತಕ್ಕೆ ನಂಜನಗೂಡಿಗೆ ಬಂದ ಹುಡುಗಿ. ಒಲೆ ಹಚ್ಚುವುದರಿಂದ ಹಿಡಿದು ಎಲ್ಲವನ್ನೂ ಕಲಿತದ್ದು ನಮ್ಮ ಅತ್ತಿಗೆಯ ಹತ್ತಿರ. ಎರಡು ಮನೆಯಲ್ಲೂ ಮಾಂಸ ಇಲ್ಲ, ಅದರಿಂದ ಹಿತ್ತಿಲ ಬಾಗಿಲಿಗೆ ಚಿಲಕವೂ ಇಲ್ಲ. ಆ ಕಾಲಕ್ಕೆ ಜೀವಮ್ಮನಿಗೆ ಇಪ್ಪತ್ತು. ಗುಜರಾತಿಯನ್ನು ತಡವರಿಸಿ ಆಡುತ್ತಿದ್ದಳು. ಕನ್ನಡವನ್ನು ನಮ್ಮ ಕಬಿನಿ ದಡದ ಹೆಂಗಸರ ಹಾಗೆಯೇ ಆಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹಿತ್ತಿಲಿಂದ ಬಂದು ಅಡುಗೆಮನೆಯ ಗೋಡೆಗೆ ಒರಗಿ ಕುಳಿತಳು.

"ಅಕ್ಕಾ, ನಮ್ಮತ್ತೆ ಬತ್ತಾವ್ರೆ."

"ಬರ್ಲಿ ಬುಡು. ಮಗನ ಮನೆ ತಾನೇ," ಅಂದರು ಅತ್ತಿಗೆ.

"ನನ್ನ ಕರ್ಕೊಂಡೋಗಕ್ಕೆ ಬತ್ತಾವ್ರೆ."

ವಿಷಯ ನಡೆದದ್ದು ಹೀಗೆ. ಶೇಟ್ರು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದರು. ಹತ್ತು ವರ್ಷದ ಮೇಲೆ ಬಂದ ಮಗನಿಗೆ ತಾಯಿ ತಮ್ಮ ಕೈಯಾರೆ ದಾಳ್ ಮಾಡಿ ಬಡಿಸಿದರು. ದಾಳ್ ಅಂದರೆ ಅವರ ಕಡೆ ತೊಗರಿಬೇಳೆಯಲ್ಲಿ ಮಾಡುವ ದಿನದ ಅಡುಗೆ. ಹುಳಿಯೂ ಸಿಹಿಯೂ ಆಗಿರುವಂಥದ್ದು. ಶೇಟ್ರು ಒಂದು ತುತ್ತು ಉಂಡು, "ಇದೇನು ಹಿಂಗಿದೆ, ದಾಳ್ ಹಿಂಗಲ್ಲ ಇರೋದು" ಅಂದುಬಿಟ್ಟರು. ಹತ್ತು ವರ್ಷ ಅವರು ದಾಳ್ ಎಂದು ಉಂಡದ್ದು ನಮ್ಮ ಅತ್ತಿಗೆ ಜೀವಮ್ಮನಿಗೆ ಕಲಿಸಿದ ಹುಳಿಯನ್ನು, ತೆಂಗಿನಕಾಯಿ ಕೊತ್ತಂಬರಿ ಬೀಜ ರುಬ್ಬಿ ಹಾಕಿದ್ದನ್ನು. ಮದುವೆ ಮುಗಿದು ಮಗ ವಾಪಸು ಬಂದ ಮೇಲೆ ತಾಯಿಯ ಕಾಗದ ಬಂತು. ನಾನೇ ಬಂದು ನೋಡುತ್ತೇನೆ, ಸೊಸೆಯ ಕೈಗೆ ಮನೆಯ ಅಡುಗೆ ಹತ್ತಿಲ್ಲವಾದರೆ ಕರೆದುಕೊಂಡು ಬಂದು ನಾಲ್ಕು ವರ್ಷ ಇಟ್ಟುಕೊಂಡು ಕಲಿಸುತ್ತೇನೆ ಎಂದು.

"ನಾಕು ವರ್ಸ," ಅಂದಳು ಜೀವಮ್ಮ. "ಅಲ್ಲಿ ನಂಗೆ ಯಾರವ್ರೆ ಅಕ್ಕಾ? ನನ್ ಮಾತ್ಗೇ ನಗ್ತಾರೆ ಅವ್ರು."

ಅತ್ತಿಗೆ ಮೊರದಲ್ಲಿದ್ದ ಅಕ್ಕಿಯನ್ನು ಕೇರುವುದು ನಿಲ್ಲಿಸಿದರು. ಅಣ್ಣ ಹೋದ ಮೇಲೆ ಅವರು ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಜೀವಮ್ಮನ ಜೊತೆಗೇ. ಇದನ್ನು ನಾನು ಎಣಿಸಿ ಹೇಳುತ್ತಿಲ್ಲ, ಅಂದಾಜಿನಲ್ಲಿ ಹೇಳುತ್ತಿದ್ದೇನೆ.

"ಯಾವಾಗ ಬತ್ತಾರೆ?"

"ಇನ್ನೆಂಟು ದಿನ."

"ಎಂಟು ದಿನದಲ್ಲಿ ಒಂದು ಬೇಳೆ ಮಾಡಕ್ಕಾಗಲ್ವಾ? ನಿಮ್ಮವ್ವ ಹೆಂಗೆ ಮಾಡ್ತಿದ್ಲು ಹೇಳು."

"ನಂಗೆ ಗ್ಯಾನ ಇಲ್ಲ ಅಕ್ಕಾ. ರುಚಿ ಗ್ಯಾನ ಅದೆ. ಮಾಡೋದು ಗೊತ್ತಿಲ್ಲ."

ಹೀಗೆ ಶುರುವಾಯಿತು. ಒಬ್ಬಳಿಗೆ ರುಚಿ ಗೊತ್ತು, ಮಾಡುವುದು ಗೊತ್ತಿಲ್ಲ. ಇನ್ನೊಬ್ಬರಿಗೆ ಯಾವುದನ್ನು ಬೇಕಾದರೂ ಮಾಡಲು ಗೊತ್ತು, ಆ ರುಚಿ ಮಾತ್ರ ಗೊತ್ತಿಲ್ಲ. ಅಡುಗೆಮನೆಯ ಹೊಸಿಲ ಆಚೆ ಗೋಡೆಗೆ ಒರಗಿ ಕುಳಿತಿದ್ದ ನನಗೆ ಎರಡೂ ಗೊತ್ತಿಲ್ಲ.

"ನೀನ್ಯಾಕಪ್ಪ ಸುಮ್ನೆ ಕುಂತಿದ್ದೀಯ," ಅಂದರು ಅತ್ತಿಗೆ ನನ್ನ ಕಡೆ ತಿರುಗಿ. "ಆ ಬುಕ್ಕು ತಗಂಡು ಬರ್ಕೋ. ಇವತ್ತು ಏನ್ ಹಾಕಿದ್ವಿ, ಎಷ್ಟು ಹಾಕಿದ್ವಿ ಅಂತ. ನಾಳೆ ಮರ್ತೋಯ್ತದೆ."

"ಕೈ ನಡುಗುತ್ತೆ ಅತ್ತಿಗೆ."

"ನಡುಗ್ಲಿ. ಓದೋನೂ ನೀನೇ ತಾನೇ."

ಮೊದಲ ದಿನ ಜೀವಮ್ಮ ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡಳು. ತಾಯಿಯ ತೊಡೆಯ ಮೇಲೆ ಕುಳಿತು ಅಂಗೈಗೆ ಹಾಕಿಸಿಕೊಂಡು ನೆಕ್ಕುತ್ತಿದ್ದಳಂತೆ. ಮೊದಲು ಹುಳಿ. ಆಮೇಲೆ ಬೆಲ್ಲದ ಸಿಹಿ. ನುಂಗಿದ ಮೇಲೆ ಗಂಟಲಲ್ಲಿ ಖಾರ. ನಡುವೆ ಬೆಂದು ಮೆತ್ತಗಾದ ಕಡಲೆಕಾಯಿ ಬೀಜ. ತುಪ್ಪದ ಒಗ್ಗರಣೆಯಲ್ಲಿ ಲವಂಗ ಮತ್ತು ಚಕ್ಕೆ. ತೆಂಗಿನಕಾಯಿ ಇಲ್ಲವೇ ಇಲ್ಲ.

"ಗಟ್ಟಿನೋ ತೆಳುನೋ?" ಕೇಳಿದರು ಅತ್ತಿಗೆ.

"ಕೈಲಿ ನಿಲ್ತಿರ್ಲಿಲ್ಲ. ಮೊಣಕೈಗಂಟ ಓಡೋಗೋದು. ಆದ್ರೆ ನೀರಲ್ಲ ಅಕ್ಕಾ."

"ತೆಳು ಅಂತೀಯ, ನೀರಲ್ಲ ಅಂತೀಯ. ಸಾರೋ ಹುಳಿಯೋ, ಒಂದ್ಹೇಳು."

ಅತ್ತಿಗೆಯದು ತಪ್ಪಲ್ಲ. ಮೈಸೂರು ಸೀಮೆಯಲ್ಲಿ ಹುಟ್ಟಿದ ನಮಗೆ ಬೇಳೆ ಅಂದರೆ ಎರಡು ದಾರಿ. ತೆಳುವಾದರೆ ಸಾರು, ಗಟ್ಟಿಯಾದರೆ ಹುಳಿ. ಮೂರನೆಯದೊಂದು ಇದ್ದೀತು ಎಂದು ಯಾರೂ ನಮಗೆ ಹೇಳಿರಲಿಲ್ಲ. ನಾನು ಭೂಗೋಳ ಪಾಠ ಮಾಡಿದವನು, ಕಾಠಿಯಾವಾಡ ಎಲ್ಲಿದೆ ಎಂದು ನಕ್ಷೆಯಲ್ಲಿ ಕೋಲು ಇಟ್ಟು ತೋರಿಸಬಲ್ಲೆ. ಆದರೂ ನನಗೂ ತೋಚಲಿಲ್ಲ.

ಮೊದಲ ದಿನದ್ದು ಮುದ್ದೆಯಾಯಿತು. ಎರಡನೆಯ ದಿನ ಬಿಸಿನೀರು ಬೆರೆಸಿದರು, ಬೇಳೆ ಕೆಳಗೆ ನೀರು ಮೇಲೆ ನಿಂತಿತು. ಮೂರನೆಯ ದಿನ ಕಡಗೋಲು ಹಾಕಿ ಕಡೆದರು. ಅದೇ ದಿನ ಕಡಗೋಲಿನಿಂದ ಸಿಡಿದ ಬೇಳೆ ನನ್ನ ಪುಸ್ತಕದ ಮೇಲೆ ಬಿತ್ತು. ಒರೆಸಲು ಬಂದ ಜೀವಮ್ಮ ಹೆಬ್ಬೆಟ್ಟು ಒತ್ತಿ ಹೋದಳು. ಕಡೆದದ್ದು ಸ್ವಲ್ಪ ಹೊತ್ತು ಒಂದಾಗಿತ್ತು, ಕುದಿಸಿದ ಮೇಲೆ ಮತ್ತೆ ನೀರು ಬೇರೆಯಾಯಿತು. ನಾಲ್ಕನೆಯ ದಿನ ಬೆಲ್ಲದ್ದೇ ತಪ್ಪು ಎಂದು ತೀರ್ಮಾನವಾಯಿತು. ಒಳ್ಳೆಯ ಬೆಲ್ಲಕ್ಕೆ ನರಸೀಪುರದ ಹತ್ತಿರ ಸೋಸಲೆಯ ಆಲೆಮನೆಗೆ ಹೋಗಬೇಕೆಂದರು, ಮತ್ತು ನನ್ನ ಮುಖ ನೋಡಿದರು.

ಕಾಯಿಲೆಯ ನಂತರ ನಾನು ಆ ದಾರಿ ಹಿಡಿದಿರಲಿಲ್ಲ. ಗಾಡಿಯಲ್ಲಿ ಕುಳಿತು ಹೋದೆ. ನಾನು ಜ್ವರದಲ್ಲಿ ಮಲಗಿದ್ದ ಕೋಣೆಯ ಮುಂದೆಯೇ ಹಾದುಹೋಗಬೇಕಿತ್ತು. ಬಾಗಿಲು ತೆರೆದಿತ್ತು. ಯಾರೋ ಒಬ್ಬಳು ಒಳಗೆ ಹಪ್ಪಳ ಲಟ್ಟಿಸುತ್ತಿದ್ದಳು. ನಾನು ಎರಡು ಸಲ ನೋಡಿದೆ, ಹಪ್ಪಳವೇ. ಅಷ್ಟು ನೋಡಿದ ಮೇಲೆ ಎದೆ ಸ್ವಲ್ಪ ಹಗುರವಾಯಿತು. ಎರಡು ಅಚ್ಚು ಬೆಲ್ಲ ತಂದೆ. ಐದನೆಯ ದಿನದ ದಾಳ್ ಬಣ್ಣ ಬಂತು, ಸಿಹಿ ಬಂತು, ಬೇಳೆಯೂ ನೀರೂ ಒಂದಾದ ಮೈ ಮಾತ್ರ ಬರಲಿಲ್ಲ.

ಪ್ರತಿ ದಿನವೂ ಕೆಲಸ ಮುಗಿದ ಮೇಲೆ ನಾನು ಶಾಲೆಯ ಹಾಗೆ ಹಾಜರಿ ಕರೆಯುತ್ತಿದ್ದೆ. ಜೀವಮ್ಮನೇ ಹುಡುಗರ ದನಿ ಮಾಡಿ ಉತ್ತರ ಕೊಡುತ್ತಿದ್ದಳು.

"ಹಸಿಶುಂಠಿ?"

"ಹಾಜರ್ ಸಾ."

"ತೆಂಗಿನಕಾಯಿ?"

"ಗೈರುಹಾಜರ್ ಸಾ. ಅವ್ರವ್ವ ಕಳಿಸ್ನಿಲ್ಲ ಸಾ."

ಅತ್ತಿಗೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ನಗುವನ್ನು ಮರೆಮಾಡಲು ಎಂದು ನನ್ನ ಊಹೆ. ಒಗ್ಗರಣೆಯ ಹೊತ್ತಿಗೆ ಮಾತ್ರ ಅವರು ಹಿತ್ತಿಲಿಗೆ ಎದ್ದು ಹೋಗುತ್ತಿದ್ದರು. ಅದನ್ನು ಜೀವಮ್ಮನೇ ಹಾಕುತ್ತಿದ್ದಳು.

ದಿನವೂ ಅಂಗೈಗೆ ಒಂದು ಚೂರು ಹಾಕಿಕೊಂಡು ನೆಕ್ಕುವಳು. ತಲೆ ಅಲ್ಲಾಡಿಸುವಳು. "ಏನೋ ಇಲ್ಲ ಅಕ್ಕಾ." ಆಮೇಲೆ ನಾವು ನಮ್ಮ ಊಟಕ್ಕೆ ಕೂರುತ್ತಿದ್ದೆವು. ಆ ದಿನಗಳಲ್ಲಿ ನಮ್ಮ ಮನೆಯ ಸಾರು, ಒಗ್ಗರಣೆ ಇಲ್ಲದಿದ್ದರೂ, ಎಂದಿಲ್ಲದ ರುಚಿಯಾಗಿತ್ತು. ನಾನು ಮೂರು ಸಲ ಹಾಕಿಸಿಕೊಂಡು ಕುಡಿಯುತ್ತಿದ್ದೆ. "ಏನತ್ತಿಗೆ, ಸಾರು ಈ ಪಾಟಿ ಚೆನ್ನಾಗಿದೆ" ಎಂದು ಹೊಗಳಿದ್ದೂ ಉಂಟು. ಜೀವಮ್ಮನೂ ದುಃಖದಲ್ಲೇ ಎರಡು ಲೋಟ ಕುಡಿದು ಹೋಗುತ್ತಿದ್ದಳು.

ಏಳನೆಯ ದಿನವೂ ಸೋತಿತು. ಮಾರನೆಯ ದಿನ ಕಳೆದರೆ ಅತ್ತೆಯ ರೈಲು. ಜೀವಮ್ಮ ಗೋಡೆಗೆ ಒರಗಿ ಕುಳಿತು, ತನ್ನ ಸೀರೆಗಳಲ್ಲಿ ಯಾವುದನ್ನು ಅತ್ತಿಗೆಗೆ ಬಿಟ್ಟುಹೋಗಬೇಕೆಂದು ಹೇಳತೊಡಗಿದಳು. ಅತ್ತಿಗೆಗೆ ಸಿಟ್ಟು ಬಂತು. ಸಿಟ್ಟು ನನ್ನ ಮೇಲೆ ತಿರುಗಿತು.

"ಏಳು ದಿನ ಬರ್ದಿದ್ದೀಯಲ್ಲ, ಏನ್ ಬರ್ದಿದ್ದೀಯ ಓದು ನೋಡನ."

ನಾನು ಓದಿದೆ. ನನ್ನ ಓದು ಆಗ ಎಷ್ಟು ನಿಧಾನವೆಂದರೆ ಒಂದು ವಾಕ್ಯ ಮುಗಿಯುವುದರೊಳಗೆ ಕೇಳುವವರು ಒಂದು ಸೊಪ್ಪಿನ ಕಟ್ಟು ಬಿಡಿಸಬಹುದಿತ್ತು. "ಒಂದು ಪಾವು ತೊಗರಿಬೇಳೆ ತೊಳೆದರು. ಅರಿಶಿನ ಹಾಕಿದರು. ಎರಡು ಹನಿ ಎಣ್ಣೆ ಹಾಕಿದರು. ಬೇಳೆ ಬೆಂದಿತು. ಮೇಲಿನ ಕಟ್ಟನ್ನು ತಟ್ಟೆ ಅಡ್ಡ ಹಿಡಿದು ಪಕ್ಕದ ಪಾತ್ರೆಗೆ ಬಸಿದರು. ಉಳಿದ ಬೇಳೆಗೆ ಬಿಸಿನೀರು..."

"ನಿಲ್ಲು," ಅಂದರು ಅತ್ತಿಗೆ. "ಯಾರು ಬಸಿದದ್ದು?"

"ನೀವೇ ಅತ್ತಿಗೆ."

"ನಾನೆಲ್ಲಿ ಬಸಿದೆ? ದಾಳ್ ಮಾಡ್ವಾಗ ಯಾಕೆ ಬಸೀಲಿ?"

"ನಾನು ಕಣ್ಣಾರೆ ನೋಡಿದ್ದು. ಏಳು ದಿನವೂ ಬರೆದಿದ್ದೇನೆ. ಮೂರನೆಯ ದಿನ ಮಾತ್ರ ಬಸಿದದ್ದು ಜೀವಮ್ಮ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬೆಂದ ಬೇಳೆಯ ಮೇಲೆ ನಿಲ್ಲುವ ನೀರನ್ನು, ಅಂದರೆ ಕಟ್ಟನ್ನು, ಸಾರಿಗೆಂದು ಬಸಿದಿಡುವುದು ನಮ್ಮ ಮನೆಗಳಲ್ಲಿ ಕೆಲಸ ಎಂದೇ ಲೆಕ್ಕವಿಲ್ಲ. ಮಾತಾಡುತ್ತಲೇ ಕೈ ತಾನಾಗಿ ತಟ್ಟೆ ಅಡ್ಡ ಹಿಡಿಯುತ್ತದೆ. ಅತ್ತಿಗೆಯ ಕೈ ಇಪ್ಪತ್ತು ವರ್ಷದಿಂದ ಹಾಗೆ ಮಾಡುತ್ತಿತ್ತು. ಅದನ್ನೇ ನೋಡಿ ಕಲಿತ ಜೀವಮ್ಮನ ಕೈಯೂ ಹಾಗೆಯೇ ಮಾಡುತ್ತಿತ್ತು. ಬೇಳೆಯ ಸಾರವನ್ನೆಲ್ಲ ಪಕ್ಕಕ್ಕೆ ಇಟ್ಟು, ಉಳಿದದ್ದಕ್ಕೆ ಬಾವಿಯ ನೀರು ಸೇರಿಸಿ, ಮೈ ಬರಲಿಲ್ಲ ಎಂದು ಏಳು ದಿನ ಕೊರಗಿದ್ದೆವು. ಆ ಮೈಯನ್ನು ನಾವೇ ಮಧ್ಯಾಹ್ನ ಸಾರು ಮಾಡಿಕೊಂಡು ಕುಡಿದಿದ್ದೆವು. ಅದರಲ್ಲಿ ನನ್ನ ಪಾಲೇ ಹೆಚ್ಚು.

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಇಡು ಬೇಳೆ," ಅಂದರು.

ಎಂಟನೆಯ ಪುಟ ಆ ದಿನದ್ದೇ. ಬೇಳೆಯನ್ನು ಅದರ ನೀರಿನ ಸಮೇತ ಕಡಗೋಲಿನಿಂದ ಕಡೆದರು. ಹುಣಸೆ ರಸ, ಬೆಲ್ಲ, ಶುಂಠಿ, ಹಸಿಮೆಣಸಿನಕಾಯಿ, ಬೇಯಿಸಿದ ಕಡಲೆಕಾಯಿ ಬೀಜ ಹಾಕಿ ಬಹಳ ಹೊತ್ತು ಕುದಿಸಿದರು. ಅತ್ತಿಗೆ ಹಿತ್ತಿಲಿಗೆ ಹೋದರು. ಜೀವಮ್ಮ ತುಪ್ಪದಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಲವಂಗ, ಚಕ್ಕೆ, ಇಂಗು, ಕರಿಬೇವು ಸಿಡಿಸಿದಳು. ಅಂಗೈಗೆ ಹಾಕಿಕೊಂಡಳು. ಅದು ಬೆರಳ ಸಂದಿಯಲ್ಲಿ ನಿಲ್ಲದೆ ಮುಂಗೈಯ ಮೇಲೆ ಹರಿದು ಮೊಣಕೈಯ ಕಡೆಗೆ ಓಡಿತು. ಅವಳು ತಲೆ ಅಲ್ಲಾಡಿಸಲಿಲ್ಲ. ಮೊಣಕೈಯಿಂದ ಅಂಗೈಯವರೆಗೆ, ಮಗು ನೆಕ್ಕುವ ಹಾಗೆ ನೆಕ್ಕಿದಳು. ಆಮೇಲೆ ಎದ್ದು ಹೋಗಿ ಹಿತ್ತಿಲಲ್ಲಿ ನಿಂತಿದ್ದ ಅತ್ತಿಗೆಯ ಹೆಗಲಿಗೆ ತಲೆ ಇಟ್ಟಳು. ಅವರು ಏನು ಮಾತಾಡಿದರು ಎಂಬುದು ನನಗೆ ಕೇಳಿಸಲಿಲ್ಲ.

ಶೇಟ್ರ ತಾಯಿ ಬಂದರು. ಬಿಳಿ ಸೀರೆ ಉಟ್ಟ, ನೆಟ್ಟಗೆ ನಡೆಯುವ ಮುದುಕಿ. ಹಿತ್ತಾಳೆ ಪಾತ್ರೆಗಳನ್ನೂ ಬೇಳೆಯನ್ನೂ ಊರಿನಿಂದಲೇ ತಂದಿದ್ದರು. ಮಗ ಕೊಟ್ಟ ರಸಬಾಳೆಹಣ್ಣನ್ನು ಒಂದು ತಿಂದರು, ಇನ್ನೊಂದಕ್ಕೆ ಕೈ ಚಾಚಿದರು. ನಮ್ಮ ಊರಿಗೆ ಅದು ಮೊದಲ ಗೆಲುವು ಎಂದು ನಾನು ಪುಸ್ತಕದ ಅಂಚಿನಲ್ಲಿ ಬರೆದಿದ್ದೇನೆ.

ಮಾರನೆಯ ದಿನ ಶೇಟ್ರು ನನ್ನನ್ನು ಊಟಕ್ಕೆ ಕರೆದರು. ಒಬ್ಬರೇ ತಾಯಿಯ ಎದುರು ಕೂರಲು ಅವರಿಗೆ ಧೈರ್ಯವಿರಲಿಲ್ಲ. ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತೆವು. ನನ್ನ ಜಾಗದಿಂದ ಅಡುಗೆಮನೆ ನೇರವಾಗಿ ಕಾಣುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ಅತ್ತಿಗೆ ಅವರೆಕಾಯಿ ಸುಲಿಯುತ್ತಿರುವಂತೆ ಕುಳಿತಿದ್ದರು. ಮುದುಕಿ ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು, ಸೊಸೆಯ ಕೈಯನ್ನೇ ನೋಡುತ್ತಿದ್ದರು.

ಬೇಳೆ ಬೆಂದಿತು. ಜೀವಮ್ಮ ಪಾತ್ರೆ ಇಳಿಸಿದಳು. ಅವಳ ಎಡಗೈ ಪಕ್ಕದಲ್ಲಿದ್ದ ಖಾಲಿ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಿತು. ಬಲಗೈ ತಟ್ಟೆಯನ್ನು ಅಡ್ಡ ಹಿಡಿಯಿತು. ನಾನು ಇದನ್ನು ಎರಡು ಸಲ ನೋಡಿದೆ. ಅತ್ತಿಗೆಯ ಕೈಯಲ್ಲಿದ್ದ ಅವರೆಕಾಯಿ ಹಾಗೆಯೇ ನಿಂತಿತು. ಶೇಟ್ರು ನನ್ನ ಹತ್ತಿರ ಮೈಸೂರಿನ ಬಟ್ಟೆ ದರದ ಬಗ್ಗೆ ಏನೋ ಹೇಳುತ್ತಿದ್ದರು. ಪಾತ್ರೆ ವಾಲಿತು. ಅಂಚಿನವರೆಗೆ ಕಟ್ಟು ಬಂತು.

ಅಲ್ಲಿ ನಿಂತಿತು. ಜೀವಮ್ಮ ಪಾತ್ರೆಯನ್ನು ನೆಟ್ಟಗೆ ಮಾಡಿದಳು, ತಟ್ಟೆಯನ್ನು ಕೆಳಗಿಟ್ಟಳು, ಕಡಗೋಲನ್ನು ಕೈಗೆ ತೆಗೆದುಕೊಂಡಳು. ತಲೆ ಎತ್ತದೆ, ತನಗೆ ತಾನೇ ಎಂಬಂತೆ, "ಹಾಜರ್ ಸಾ" ಅಂದಳು.

ಮುದುಕಿ ಏನೋ ಕೇಳಿದರು. ಅವಳು ಏನೂ ಇಲ್ಲ ಎಂಬಂತೆ ತಲೆಯಾಡಿಸಿದಳು. ನಾನು ಉಸಿರು ಬಿಟ್ಟೆ. "ದರ ಇಷ್ಟೊಂದು ಏರಿದ್ದು ಕೇಳಿದ್ರೆ ಯಾರಿಗಾದ್ರೂ ಹಂಗೇ ಆಯ್ತದೆ ಮೇಷ್ಟ್ರೇ," ಅಂದರು ಶೇಟ್ರು.

ಮುಂದಿನದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಮುದುಕಿ ಬಟ್ಟಲಿಗೆ ಹಾಕಿಸಿಕೊಳ್ಳಲಿಲ್ಲ, ಅಂಗೈ ಚಾಚಿದರು. ಹೀರಿದರು. ಒಂದು ಮಾತು ಹೇಳಿದರು. ಶೇಟ್ರು ನನ್ನ ಕಿವಿಯಲ್ಲಿ, "ಹುಳಿ ಬೇರೆ ಅಂತಾರೆ. ನಮ್ಮ ಕಡೆ ಹುಣಸೆ ಬದ್ಲು ಕೋಕಂ ಹಾಕ್ತಾರೆ" ಅಂದರು. ಮುದುಕಿ ಮತ್ತೆ ಅಂಗೈ ಚಾಚಿದರು. ಆಮೇಲೆ ಅನ್ನಕ್ಕೆ ಹಾಕಿಸಿಕೊಂಡರು. ಅನ್ನ ಮುಗಿದ ಮೇಲೆ ಬರೀ ದಾಳನ್ನು ಮತ್ತೊಂದು ಸೌಟು ಹಾಕಿಸಿಕೊಂಡು ಕುಡಿದರು. ಮಗನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು. ಶೇಟ್ರು ಅದನ್ನು ನನಗೆ ತಕ್ಷಣ ಹೇಳಲಿಲ್ಲ. ಹೆಂಡತಿಗೆ ಕನ್ನಡದಲ್ಲಿ ಹೇಳಿದರು: "ಇವಳು ಅಲ್ಲಿಗೆ ಬಂದು ಕಲಿಯೋದೇನದೆ, ಇಲ್ಲೇ ಇರ್ಲಿ ಅಂತಾವ್ರೆ."

ಯಾರು ಕಲಿಸಿದರು ಎಂದು ಮುದುಕಿ ಕೇಳಿರಬೇಕು. ಜೀವಮ್ಮ ಸೌಟಿನಿಂದಲೇ ಹಿತ್ತಿಲ ಬಾಗಿಲ ಕಡೆ ತೋರಿಸಿದಳು. ಮುದುಕಿ ಅತ್ತಿಗೆಯ ಬಳೆಯಿಲ್ಲದ ಕೈಗಳನ್ನು ನೋಡಿದರು. ಅತ್ತಿಗೆ ಅವರ ಬಿಳಿ ಸೀರೆಯನ್ನು ನೋಡಿದರು. ಮುದುಕಿ ಗುಜರಾತಿಯಲ್ಲಿ ಏನೋ ಹೇಳಿದರು. ಅತ್ತಿಗೆ, "ಊಂ ಕಣವ್ವ, ಏನ್ಮಾಡದು" ಅಂದರು. ಒಬ್ಬರ ಮಾತು ಒಬ್ಬರಿಗೆ ತಿಳಿಯುವಂತಿರಲಿಲ್ಲ. ಮುದುಕಿ ಎದ್ದು ಹೋಗಿ ಊರಿನಿಂದ ತಂದಿದ್ದ ಕೋಕಂ ಜಾಡಿಯನ್ನು ತಂದು ಅತ್ತಿಗೆಯ ಮಡಿಲಲ್ಲಿ, ಅವರೆಕಾಯಿಯ ಮೇಲೆ ಇಟ್ಟರು.

ಆಕೆ ಎರಡು ತಿಂಗಳು ನಂಜನಗೂಡಿನಲ್ಲಿದ್ದರು. ಹೋಗುವುದರೊಳಗೆ ಕಟ್ಟು ಬಸಿದು ಸಾರು ಮಾಡುವುದನ್ನು ಅತ್ತಿಗೆಯಿಂದ ಕಲಿತರು. ಆಮೇಲೆ ಬಂದ ಕಾಗದದಲ್ಲಿ, ಊರಿನಲ್ಲಿರುವ ದೊಡ್ಡ ಮಗ ಒಂದು ತುತ್ತು ಉಂಡು ಇದು ದಾಳ್ ಅಲ್ಲ ಅಂದನೆಂದು ಬರೆಸಿದ್ದರು. ಅದನ್ನು ಕೇಳಿ ಜೀವಮ್ಮ ನೆಲದ ಮೇಲೆ ಉರುಳಾಡಿ ನಕ್ಕಳು. ಜೀವಮ್ಮ ಕೊನೆಯವರೆಗೂ ಆ ಹಿತ್ತಿಲ ಆಚೆಯ ಮನೆಯಲ್ಲೇ ಇದ್ದಳು.

ನಾನು ಹಾಜರಿ ಪುಸ್ತಕದ ಕೊನೆಯ ಪುಟಕ್ಕೆ ಬರಬೇಕು. ಶೇಟ್ರ ಮನೆಯ ಊಟ ಮುಗಿಸಿ ನಾನು ಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ಅತ್ತಿಗೆಯೂ ಬಂದರು. ಜಾಡಿಯನ್ನು ಗೂಡಿನಲ್ಲಿಟ್ಟರು. ಸಂಜೆಗೆ ಬೇಳೆ ಇಟ್ಟರು, ಕಟ್ಟು ಬಸಿದರು, ಸಾರು ಕುದಿಸಿದರು. ನಾನು ಹೊಸಿಲ ಆಚೆ ನನ್ನ ಜಾಗದಲ್ಲಿ ಕುಳಿತಿದ್ದೆ. ಸಾರು ಇಳಿಸಿದ ಮೇಲೆ ಅವರು ಕೈ ತೊಳೆಯಲು ಹೋಗಲಿಲ್ಲ. ಗೂಡಿನ ಒಳಮೂಲೆಯಿಂದ ಒಗ್ಗರಣೆ ಸೌಟನ್ನು ತೆಗೆದರು, ಸೆರಗಿನಿಂದ ಒರೆಸಿದರು, ತುಪ್ಪ ಹಾಕಿದರು. ಸಾಸಿವೆ ಸಿಡಿಯಿತು. ನನ್ನ ಕಿವಿಯ ಮೇಲೆ ನನಗೆ ನಂಬಿಕೆ ಇರಲಿಲ್ಲವಲ್ಲ, ಎದ್ದು ಹೋಗಿ ನೋಡಿದೆ. ಸಿಡಿಯುತ್ತಿದ್ದದ್ದು ಸಾಸಿವೆಯೇ.

"ಏನ್ ನೋಡ್ತಿದ್ದೀಯ," ಅಂದರು ಅತ್ತಿಗೆ. "ಮಣೆ ಹಾಕ್ಕೋ."

ನಾನು ಮಣೆ ಹಾಕಿಕೊಳ್ಳುವ ಮುಂಚೆ ಪುಸ್ತಕ ತೆಗೆದೆ. ಆ ಪುಟದಲ್ಲಿ ಒಂದೇ ಸಾಲಿದೆ. ಒಗ್ಗರಣೆ, ಹಾಜರು. ಉಳಿದೆಲ್ಲ ಪುಟಗಳಲ್ಲಿ ನನ್ನ ಅಕ್ಷರ ಅಂಕುಡೊಂಕಾಗಿ ನಡುಗುತ್ತದೆ. ಆ ಸಾಲು ನೆಟ್ಟಗಿದೆ.